ನಗೆಯೂ ಕೈಚಳಕವೂ



ರಾಜ್ಯೋತ್ಸವದ ವೇದಿಕೆಯಲ್ಲಿ ಜಾದೂವಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಜಾದೂವಿಗೂ ನುಡಿಗೂ ಬಿಡದ ನಂಟಿದೆ. ಅದನ್ನೇ ಅರಿಕೆ ಮಾಡಲು ನಿಂತಿದ್ದೇವೆ.

ಗಾರುಡಿಗನ ವಿದ್ಯೆಯನ್ನು ನಮ್ಮ ಹಿರಿಯರು ಕಣ್ಕಟ್ಟು ಎಂದರು. ನಿಜದಲ್ಲಿ ಅವನು ಕಟ್ಟುವುದು ಮನಸ್ಸನ್ನು. 2005ರಲ್ಲಿ ಗುಸ್ತಾವ್ ಕೂನ್, ಬೆಂಜಮಿನ್ ಟ್ಯಾಟ್ಲರ್ ಎಂಬ ವಿದ್ವಾಂಸರು ಸಿಗರೇಟು ಮಾಯವಾಗುವ ಆಟವೊಂದನ್ನು ತೋರಿಸಿ, ನೋಡುವವರ ದೃಷ್ಟಿ ಎಲ್ಲೆಲ್ಲಿ ಹರಿಯಿತೆಂದು ಯಂತ್ರದಿಂದ ಅಳೆದರು. ಸಿಗರೇಟು ಎಲ್ಲರೆದುರಿಗೇ ಮಡಿಲಿಗೆ ಬಿದ್ದಿತ್ತು. ಅದನ್ನು ಕಂಡವರಿಗೂ ಕಾಣದವರಿಗೂ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ವ್ಯತ್ಯಾಸವಿದ್ದುದು ಗಮನದಲ್ಲಿ.

ಆ ಗಮನವನ್ನು ಸರಿಸುವ ಸುಲಭ ಸಾಧನವೇ ನಗು. ನೆರೆಯ ಕೇರಳದಲ್ಲಿ ವಾಳಕುನ್ನಂ ನೀಲಕಂಠನ್ ನಂಬೂದಿರಿಯವರು (1903–1983) ಹೆಸರುವಾಸಿ ಮಾಡಿದ ಬಟ್ಟಲು-ಚೆಂಡಿನ ಆಟವನ್ನೇ ನೋಡಿ. ಬೋರಲು ಹಾಕಿದ ಬಟ್ಟಲನ್ನು ಎತ್ತಿದರೆ ಚೆಂಡಿಲ್ಲ. ಅಲ್ಲಿ ಆಟಗಾರ ಪೆಚ್ಚುಮೋರೆ ಹಾಕಿ, “ಅಯ್ಯೋ, ಇದೂ ಬಾಡಿಗೆ ಕೊಡದೆ ಮನೆ ಖಾಲಿಮಾಡಿತೆ!” ಎಂದನೆನ್ನಿ. ಎಲ್ಲರೂ ನಗುತ್ತಾರೆ; ನಗುತ್ತ ಅವನ ಮುಖ ನೋಡುತ್ತಾರೆ, ಪಕ್ಕದವರ ಮುಖ ನೋಡುತ್ತಾರೆ. ಕಾವಲು ಸಡಿಲಾಗುತ್ತದೆ. ಆ ಗಳಿಗೆಯಲ್ಲೇ ನಿಂಬೆಹಣ್ಣು ಬಟ್ಟಲೊಳಗೆ ಸೇರಿಬಿಡುತ್ತದೆ! ನಗು ಏಳುವ ಮೊದಲು ಕೈಯಾಡಿದರೂ ಕೆಟ್ಟಿತು, ಇಳಿದ ಮೇಲೆ ಕೈಯಾಡಿದರೂ ಕೆಟ್ಟಿತು. ಇನ್ನೊಂದು ಮಾತು: ವೇದಿಕೆಗೆ ಕರೆದ ಮಗುವನ್ನು ಗೇಲಿಮಾಡಿ ನಗಿಸುವುದು ಹಗುರತನ. ಬಲ್ಲವನು ತನ್ನನ್ನೇ ನಗೆಗೀಡು ಮಾಡಿಕೊಳ್ಳುತ್ತಾನೆ.

ಈಗ ನುಡಿಯ ವಿಷಯಕ್ಕೆ ಬರೋಣ. ಈ ಉಪಾಯ ಫಲಿಸಬೇಕಾದರೆ ನೋಡುವವನಿಗೆ ಹಾಸ್ಯ ತಿಳಿಯಬೇಕು. ಮಂಗಳೂರಿನ ಕುದ್ರೋಳಿ ಗಣೇಶ್ ಅವರು ತುಳುನಾಡಿನ ಜನಪದ ಕಲೆಗಳನ್ನು ಜಾದೂವಿನೊಡನೆ ಬೆಸೆದುದು ಸುಮ್ಮನೆ ಅಲ್ಲ. ತಮ್ಮದೆಂದು ಕಂಡುದಕ್ಕೆ ಜನ ಬೇಗ ಮನಸೋಲುತ್ತಾರೆ.

ನಮ್ಮ ಉಪ್ಪಲ್‌ನಲ್ಲಿ ಮಕ್ಕಳಿಗೆ ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಅವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕನ್ನಡದ ಹಾಸ್ಯ ತಿಳಿಯದ ಮಗು ಜಾದೂ ನೋಡುವಾಗ ಏನಾಗುತ್ತದೆ? ಅದು ನಗುವುದಿಲ್ಲ; ಅದರ ಗಮನ ಕೈಯ ಮೇಲೇ ಇರುತ್ತದೆ; ಗುಟ್ಟು ಅದಕ್ಕೆ ಸಿಕ್ಕಿಬಿಡಬಹುದು. ಜಾಣ ಮಗು ಎಂದು ನಾವು ಹಿಗ್ಗಬಹುದು. ಆದರೆ ಅಜ್ಜಿ, ಸೋದರಮಾವ, ಚಿಕ್ಕಮ್ಮ ಎಲ್ಲರೂ ಬಿದ್ದು ಬಿದ್ದು ನಗುವಾಗ ಅದೊಂದೇ ಸುಮ್ಮನೆ ಕುಳಿತಿರುತ್ತದೆ. ಗುಟ್ಟು ಸಿಕ್ಕಿತು, ನಂಟು ತಪ್ಪಿತು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಒಂದು ರೂಪಾಯಿಯ ನಾಣ್ಯವನ್ನು ಬಲಗೈಯಿಂದ ಎಡಗೈಗೆ ಕೊಟ್ಟಂತೆ ನಟಿಸಿ, ಬಲಗೈಯಲ್ಲೇ ಅಡಗಿಸಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಿ. ಜೊತೆಗೆ ಆಡುವ ನಗೆಮಾತು ಮಾತ್ರ ಕನ್ನಡದಲ್ಲಿರಲಿ. ಅಜ್ಜಿಯನ್ನು ನಗಿಸಬೇಕಾದರೆ ಅಜ್ಜಿಯ ಮಾತನ್ನು ಕಲಿಯಲೇಬೇಕು. ವ್ಯಾಕರಣದ ಪಾಠಕ್ಕೆ ಓಡಿಹೋಗುವ ಮಗುವೂ ಈ ಪಾಠಕ್ಕೆ ತಾನಾಗಿ ಬಂದು ಕೂರುತ್ತದೆ. ನಾಣ್ಯದ ಮೇಲೆ ಕಣ್ಣಿಟ್ಟು ಕಲಿಯಲು ಕುಳಿತ ಮಗುವಿಗೆ ಕನ್ನಡ ಸದ್ದಿಲ್ಲದೆ ಬಂದುಬಿಡುತ್ತದೆ. ಇದೂ ಒಂದು ಕೈಚಳಕವೇ ಅಲ್ಲವೆ?