ಗುಜರಿಯಿಂದ ಅಡುಗೆಮನೆಗೆ

ತುಕ್ಕು, ಕಿಲುಬು ಎಂಬ ಎರಡು ಮಾತುಗಳನ್ನು ಕನ್ನಡ ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದೆ. ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು; ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಈ ಭೇದ ಬರಿಯ ನಿಘಂಟಿನದಲ್ಲ. ಕಿಲುಬು ಹೊಟ್ಟೆಗೆ ಕೇಡು. ಅದಕ್ಕಾಗಿಯೇ ಕಲಾಯಿಯವನು ಬೀದಿಬೀದಿಗೆ ಬರುತ್ತಿದ್ದ. ತುಕ್ಕು ತಿನ್ನುವುದಾದರೋ ಹೆಚ್ಚಾಗಿ ಪಾತ್ರೆಯನ್ನೇ. ಅದನ್ನು ತಡೆದರೆ ಪಾತ್ರೆ ಉಳಿಯಿತು.

ಇದನ್ನು ಬಲ್ಲವರು ಗುಜರಿ ಅಂಗಡಿಯ ಮುಂದೆ ತುಸು ಹೊತ್ತು ನಿಲ್ಲುತ್ತಾರೆ. ಕಾವಲಿ, ಬಾಣಲೆ, ಈಳಿಗೆ ಮಣೆ ಎಲ್ಲವೂ ಅಲ್ಲಿ ತೂಕದ ಲೆಕ್ಕ. ಮೂರು ತಲೆಮಾರು ದೋಸೆ ಹೊಯ್ದ ಎರಕದ ಕಾವಲಿಗೂ ಮುರಿದ ಕಿಟಕಿಯ ಸರಳಿಗೂ ಆ ತಕ್ಕಡಿ ಭೇದವೆಣಿಸುವುದಿಲ್ಲ. ಹೊಸದಾಗಿ ಸಂಸಾರ ಹೂಡುವ ಬಡ ದಂಪತಿಗಳಿಗೆ ಇದೇ ಅನುಕೂಲ. ಆದರೆ ಆರಿಸುವಾಗ ಎಚ್ಚರ ಬೇಕು. ಕಾವಲಿಯನ್ನು ಎತ್ತಿಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ನುಡಿಯಬೇಕು. ಸದ್ದು ಬೋಳಾದರೆ ಬಿರುಕಿದೆಯೆಂದು ಸಂಶಯಪಡಬೇಕು. ಸತುವಿನ ಲೇಪವಿರುವುದನ್ನು ಒಲೆಗೇರಿಸಲೇಬಾರದು. ಅದರ ಹೊಗೆ ಕೆಟ್ಟದ್ದು. ಬಣ್ಣ ಬಳಿದದ್ದನ್ನೂ ಅಲ್ಲಿಯೇ ಬಿಡುವುದು ಲೇಸು.

ಮೊದಲು ಒಣ ಕೆಲಸ. ಇಟ್ಟಿಗೆಯ ಪುಡಿ, ತೆಂಗಿನ ನಾರು, ಇಲ್ಲವೆ ಬಡಗಿಗಳು ಬಳಸುವ ಉಪ್ಪುಕಾಗದ. ಸಡಿಲವಾದ ತುಕ್ಕೆಲ್ಲ ಇದರಿಂದಲೇ ಉದುರುತ್ತದೆ. ಉಳಿದದ್ದಕ್ಕೆ ಹುಣಿಸೆಯ ಗಟ್ಟಿ ರಸ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ತುಕ್ಕು ಮುಗಿದ ಮೇಲೆ ಕಬ್ಬಿಣಕ್ಕೇ ಕೈಹಾಕುತ್ತದೆ. ಆದುದರಿಂದ ಅರ್ಧ ಗಂಟೆಗೊಮ್ಮೆ ನೋಡಿ ಉಜ್ಜಬೇಕೇ ಹೊರತು ರಾತ್ರಿಯೆಲ್ಲ ನೆನೆಹಾಕಿ ಮಲಗಬಾರದು. ತೊಳೆದ ಕೂಡಲೆ ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಬೇಕು. ಒದ್ದೆಯಾಗಿ ಬಿಟ್ಟ ಕಬ್ಬಿಣ ನೋಡನೋಡುತ್ತಿದ್ದಂತೆ ಮತ್ತೆ ಕೆಂಪೇರುತ್ತದೆ.

ಇಷ್ಟಕ್ಕೆ ಮುಗಿಯಿತೆಂದು ಬಹುಮಂದಿ ತಿಳಿಯುತ್ತಾರೆ. ನಿಜವಾದ ಕೆಲಸ ಆರಂಭವಾಗುವುದೇ ಇಲ್ಲಿ. ಬೆಚ್ಚಗಿರುವ ಕಾವಲಿಗೆ ಕಡಲೆಕಾಯಿ ಎಣ್ಣೆಯನ್ನೋ ಅಗಸೆ ಎಣ್ಣೆಯನ್ನೋ ಒಂದೆರಡು ತೊಟ್ಟು ಸವರಿ, ಎಣ್ಣೆಯೇ ಇಲ್ಲವೆನ್ನುವಷ್ಟು ಒರೆಸಿ, ಹೊಗೆಯಾಡುವವರೆಗೆ ಕಾಯಿಸಿ, ಆರಲು ಬಿಡಬೇಕು. ಹೀಗೆ ಮೂರು ನಾಲ್ಕು ಸಲ. ಕಾವಿನಲ್ಲಿ ಎಣ್ಣೆ ಎಣ್ಣೆಯಾಗಿ ಉಳಿಯದೆ ಗಟ್ಟಿಯಾದ ಕಪ್ಪು ಪೊರೆಯಾಗುತ್ತದೆ. ನೀರು, ಗಾಳಿಗಳನ್ನು ದೂರವಿಡುವುದು ಅದೇ. ಧಾರಾಳವಾಗಿ ಹೊಯ್ದರೆ ಮಾತ್ರ ಅಂಟಂಟಾಗುತ್ತದೆ. ಜಿಪುಣತನ ಶೋಭಿಸುವ ಕೆಲವೇ ಎಡೆಗಳಲ್ಲಿ ಇದೊಂದು! ತೆಂಗಿನೆಣ್ಣೆ ಸುಲಭವಾಗಿ ಹೀಗೆ ಗಟ್ಟಿಗೊಳ್ಳದು.

ಹಳೆಯ ಕಬ್ಬಿಣಕ್ಕೆ ತುಕ್ಕೇ ಹಿಡಿಯದೆಂದು ವಾದಿಸುವವರು ದೆಹಲಿಯ ಕಬ್ಬಿಣದ ಸ್ತಂಭವನ್ನು ತೋರಿಸುವುದುಂಟು. ಸುಮಾರು 1,600 ವರ್ಷಗಳ ಆ ಸ್ತಂಭದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೇಲ್ಮೈಯಲ್ಲಿ ಕಾಪಿನ ಪದರವೊಂದು ಏರ್ಪಟ್ಟಿದೆ. ನಮ್ಮ ಬಾಣಲೆಗೆ ಆ ಭಾಗ್ಯವಿಲ್ಲ. ಅದರ ಕಾಪನ್ನು ನಾವೇ ಕಟ್ಟಬೇಕು, ಕಟ್ಟಿದ್ದನ್ನು ಕೆಡಿಸದಿರಬೇಕು. ತುಕ್ಕನ್ನು ಕಳೆದ ಹುಣಿಸೆಯೇ ಈ ಪೊರೆಯನ್ನೂ ಕಳೆಯಬಲ್ಲದು. ಹುಳಿಯನ್ನೋ ಗೊಜ್ಜನ್ನೋ ಕಬ್ಬಿಣದಲ್ಲಿ ಮಾಡಿ ಅಲ್ಲಿಯೇ ಬಿಡುವುದು ಸಲ್ಲದು.

ಈಳಿಗೆ ಮಣೆಯ ದಾರಿ ಬೇರೆ. ಅಲಗನ್ನು ಬೆಂಕಿಗೆ ಹಿಡಿದರೆ ಉಕ್ಕಿನ ಹದ ಇಳಿದು ಹರಿತ ನಿಲ್ಲುವುದಿಲ್ಲ. ಉಜ್ಜಿ, ಸಾಣೆ ಹಿಡಿಸಿ, ಪ್ರತಿ ಸಲ ಹೆಚ್ಚಿದ ಮೇಲೆ ತೊಳೆದೊರೆಸಿ ಎಣ್ಣೆಯ ಬಟ್ಟೆ ಆಡಿಸಿದರಾಯಿತು. ಇಲ್ಲಿ ತೆಂಗಿನೆಣ್ಣೆಯೂ ನಡೆದೀತು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯ ಉಪ್ಪುಗಾಳಿಯಲ್ಲಿ, ಒಂದು ದಿನವೂ ತಪ್ಪಬಾರದು.