ಬರಗಾಲವೂ ಹಸಿವೂ



ಹಸಿವಿಗೆ ಮಳೆಯ ಅಭಾವವೇ ಕಾರಣವೆಂದು ಹೇಳಿ ಸಮಾಧಾನ ಹೊಂದುವುದು ನಮಗೆಲ್ಲ ರೂಢಿಯಾಗಿದೆ. ಆ ಉತ್ತರವು ಅರ್ಧಸತ್ಯವೆಂಬುದನ್ನು ಬೆಳಗಾವಿ ಜಿಲ್ಲೆಯ ಈ ಸೀಮೆಯ ಚರಿತ್ರೆಯಿಂದಲೇ ತಮಗೆ ನಿವೇದಿಸಬೇಕೆಂದು ಬಂದಿದ್ದೇನೆ. ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿಗಳನ್ನು ದಾಟಿ ರಾಮದುರ್ಗದತ್ತ ನಡೆದಂತೆಲ್ಲ ಮಲೆನಾಡಿನ ಸೆರಗು ಹಿಂದುಳಿದು ಮಳೆಯು ಕ್ಷೀಣಿಸುವುದು ನಿಜ. ಆದರೆ ಅನಾವೃಷ್ಟಿಯನ್ನು ಬಲ್ಲ ನಮ್ಮ ಪೂರ್ವಿಕರು ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬೆಳೆದು, ಉಂಡು ಮಿಕ್ಕ ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು, ಕೆಟ್ಟ ವರ್ಷವನ್ನು ದಾಟುವ ಉಪಾಯವನ್ನು ಕಂಡುಕೊಂಡಿದ್ದರು. ಆಗ ಕ್ಷಾಮಗಳಿರಲಿಲ್ಲವೆಂದಲ್ಲ, 1791–92ರ ಡೋಗಿಬರವನ್ನು ಮರೆಯುವಂತಿಲ್ಲ.

1824ರಲ್ಲಿ ಕಿತ್ತೂರು ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಬಳಿಕ ಕಂದಾಯವನ್ನು ನಗದಿನಲ್ಲಿಯೇ, ಗೊತ್ತಾದ ಕಂತುಗಳಲ್ಲಿಯೇ ಸಲ್ಲಿಸಬೇಕಾಗಿ ಬಂದುದರಿಂದ, ರೈತನು ಸುಗ್ಗಿಯಲ್ಲಿ ಬೆಲೆ ಕುಸಿದಾಗ ಕಾಳು ಮಾರುತ್ತಿದ್ದನು, ಬೇಸಿಗೆಯಲ್ಲಿ ಅದೇ ಕಾಳಿಗಾಗಿ ಸಾಹುಕಾರನ ಬಾಗಿಲು ತಟ್ಟುತ್ತಿದ್ದನು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ ಹತ್ತಿಯ ಮೇಲೆ ಆಸೆಯಿಟ್ಟವರು, ಯುದ್ಧ ಮುಗಿದು ಬೆಲೆ ಇಳಿದೊಡನೆ ಸಾಲಕ್ಕೆ ಸಿಕ್ಕಿಕೊಂಡರು. ಹಗೇವುಗಳು ಬರಿದಾದುದು ಹೀಗೆ.

ಇಂಥ ಸ್ಥಿತಿಯಲ್ಲಿ 1876ರ ಧಾತು ಸಂವತ್ಸರದ ಮಳೆ ಕೈಬಿಟ್ಟಿತು. ಪೇಟೆಯಲ್ಲಿ ಕಾಳಿದ್ದರೂ ಕೂಲಿಯವನಿಗೆ ಅದನ್ನು ಕೊಳ್ಳುವ ಶಕ್ತಿಯಿರಲಿಲ್ಲ. ನಾಡು ಹಸಿದಿದ್ದಾಗಲೂ ಭಾರತದ ಬಂದರುಗಳಿಂದ ಗೋಧಿಯು ಇಂಗ್ಲೆಂಡಿಗೆ ಸಾಗುತ್ತಲೇ ಇತ್ತು. ಪರಿಹಾರ ಕಾಮಗಾರಿಗಳಲ್ಲಿ ಕಲ್ಲೊಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗಿಂತ ಕಡಿಮೆ ಧಾನ್ಯ ಹಾಗೂ ಒಂದಾಣೆ ಸಾಕೆಂದು 1877ರ ಆರಂಭದಲ್ಲಿ ಸರಕಾರದ ಕ್ಷಾಮ ಪ್ರತಿನಿಧಿಯಾದ ಸರ್ ರಿಚರ್ಡ್ ಟೆಂಪಲ್ ವಿಧಿಸಿದನು. ಮಿತವ್ಯಯದ ಹೆಸರಿನಲ್ಲಿ ನಡೆದ ಈ ಕ್ರೌರ್ಯವನ್ನು ನಾನು ಅನಾವೃಷ್ಟಿಗಿಂತ ಹೀನವೆಂದು ಎಣಿಸುತ್ತೇನೆ. ಆ ಕೂಲಿಯನ್ನು ಒಲ್ಲದೆ ಮುಂಬಯಿ ಪ್ರಾಂತದ ಅನೇಕ ಕೂಲಿಕಾರರು ಕಾಮಗಾರಿಗಳನ್ನೇ ಬಿಟ್ಟು ನಡೆದರು. ಪುಣೆಯ ‘ಸಾರ್ವಜನಿಕ ಸಭಾ’ ಎಂಬ ಸಂಸ್ಥೆಯು ಅವರ ಪಕ್ಷವನ್ನು ವಹಿಸಿತು. 1872ಕ್ಕೂ 1881ಕ್ಕೂ ನಡುವೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆಯೇ ಇಳಿಯಿತು. 1943ರ ಬಂಗಾಳದ ಕ್ಷಾಮವೇ ಮೊದಲಾದವನ್ನು ಪರಿಶೀಲಿಸಿ 1981ರಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು ಪ್ರತಿಪಾದಿಸಿದುದೂ ಇದನ್ನೇ: ಅನ್ನವಿರುವ ನಾಡಿನಲ್ಲಿಯೂ ಅನ್ನದ ಮೇಲೆ ಹಕ್ಕಿಲ್ಲದವರು ಸಾಯುತ್ತಾರೆ.

ಸ್ವಾತಂತ್ರ್ಯಾನಂತರ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಯಿತು. ನೀರು ಬಂದರೆ ದಾರಿದ್ರ್ಯ ಹೋಗುವುದೆಂದು ನಂಬಿ ರೈತರು ವರಲಕ್ಷ್ಮಿ ತಳಿಯ ಹತ್ತಿಯನ್ನು ಬಿತ್ತಿದರು; ಬೆಲೆ ಬಿದ್ದಿತು, ನೀರಾವರಿಗಾಗಿ ಹೇರಿದ ಅಭಿವೃದ್ಧಿ ಕರದ ವಸೂಲಿ ಮಾತ್ರ ನಿಲ್ಲಲಿಲ್ಲ. 1980ರ ಜುಲೈ 21ರಂದು ಅದೇ ನೀರಿನ ನರಗುಂದ, ನವಲಗುಂದಗಳಲ್ಲಿ ಇದನ್ನು ಪ್ರತಿಭಟಿಸಿದ ರೈತರು ಪೊಲೀಸರ ಗುಂಡಿಗೆ ಬಲಿಯಾದರು. ಶತಮಾನ ಕಳೆದು ಆಳುವವರು ಬದಲಾಗಿದ್ದರೂ, ಬೆಳೆದವನಿಗೆ ಬೆಲೆಯ ಮೇಲೆ ಅಧಿಕಾರವಿಲ್ಲದಿರುವುದು ಬದಲಾಗಿರಲಿಲ್ಲ.

ಆದುದರಿಂದ ಮುಂದೆ ಮಳೆ ತಪ್ಪಿದ ವರ್ಷ, ಈ ನಾಲ್ಕು ತಾಲೂಕುಗಳ ವಿದ್ಯಾವಂತರಾದ ತಾವು ತಮ್ಮ ತಮ್ಮ ಗ್ರಾಮಸಭೆಗೆ ತಪ್ಪದೆ ಹೋಗಿ, ಹೊಲವಿಲ್ಲದ ಮನೆಗಳಿಗೆ ಕೆಲಸ ಸಿಕ್ಕಿತೇ, ಕೂಲಿಯು ಸಕಾಲಕ್ಕೆ ಮುಟ್ಟಿತೇ, ಪಡಿತರದ ಕಾಳು ತೂಕ ತಪ್ಪದೆ ದೊರೆಯಿತೇ ಎಂದು ಎದ್ದುನಿಂತು ಕೇಳಬೇಕೆಂದು ಕೈಮುಗಿದು ಪ್ರಾರ್ಥಿಸುತ್ತೇನೆ.