ಸಗಣಿ, ಕುಂಕುಮ, ಕೂದಲು: ಶೀಲಾ ಗೌಡರ ಕಲೆ

(ಕಾಗಿನೆಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ದೀಪಾವಳಿಯ ಪಾಡ್ಯದಂದು ಈ ಸೀಮೆಯ ಮನೆಗಳಲ್ಲಿ ಹೆಂಗಸರು ಸಗಣಿಯಿಂದ ಹಟ್ಟೆವ್ವನನ್ನು ಮಾಡುತ್ತಾರೆ. ಹೂವು ಮುಡಿಸಿ, ಅರಿಷಿಣ-ಕುಂಕುಮ ಏರಿಸಿ ಕೈಮುಗಿಯುತ್ತಾರೆ. ಉಳಿದ ದಿನಗಳಲ್ಲಿ ಅದೇ ಕೈಗಳು ಅದೇ ಸಗಣಿಯಿಂದ ಕುಳ್ಳು ತಟ್ಟುತ್ತವೆ. ದೇವರೂ ಅದರಲ್ಲೇ, ಒಲೆಯ ಉರಿಯೂ ಅದರಲ್ಲೇ. ಇದನ್ನು ಯಾರೂ ಕಲೆ ಎಂದು ಕರೆದಿಲ್ಲ. ಆದರೆ ಲಂಡನ್ನಿನವರೆಗೂ ಹೋಗಿ ಓದಿ ಬಂದ ಕಲಾವಿದೆಯೊಬ್ಬರು ಬಣ್ಣ-ಕುಂಚ ಬದಿಗಿಟ್ಟು ಈ ಸಗಣಿಯನ್ನೇ ಕೈಗೆತ್ತಿಕೊಂಡರು.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತದ್ದು ಚಿತ್ರಕಲೆ. ಕ್ಯಾನ್‌ವಾಸಿನ ಮೇಲೆ ತೈಲವರ್ಣದಲ್ಲಿ ಬರೆಯುತ್ತಿದ್ದವರು. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಬಾಬರಿ ಮಸೀದಿ ಉರುಳಿತು. ಅದರ ಬೆನ್ನಿಗೇ ಮುಂಬಯಿಯಲ್ಲಿ ರಕ್ತ ಹರಿಯಿತು. ಆ ಹಿಂಸೆಗೆ ಎದುರಾಗಿ ನಿಲ್ಲಲು ಬಣ್ಣ ಸಾಲದೆನಿಸಿ ಶೀಲಾ ಸಗಣಿಯತ್ತ ಹೊರಳಿದರು.

ಸಗಣಿಯೇ ಏಕೆ? ಗೋವು ಘೋಷಣೆಯಾಗಿದ್ದ ಕಾಲವದು. ಸಗಣಿ ಮಾತ್ರ ಘೋಷಣೆಯಲ್ಲ, ದುಡಿಮೆ. ಅದೂ ಹೆಚ್ಚಾಗಿ ಹೆಂಗಸರ ದುಡಿಮೆ. ಪವಿತ್ರವೆನ್ನುವವರೂ ಅದನ್ನು ಬಾಚುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಾರೆ. 1996ರ 'ಮಾರ್ಟರ್ ಲೈನ್' ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಬಾಗಿದ ಸಾಲಾಗಿ ಕೂತಿವೆ. ನಡುವಿನ ಸಂದಿಯಲ್ಲಿ ಗಾರೆಯ ಬದಲು ಕುಂಕುಮದ ಕೆಂಪು ಗೆರೆ. ಅದು ಪೂಜೆಯ ಕೆಂಪೋ, ಗಾಯದ ಕೆಂಪೋ ನೋಡಿದವರೇ ಹೇಳಬೇಕು.

ಕೆಲವು ವರ್ಷಗಳ ಬಳಿಕ ಬಂದದ್ದು 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್'. 'ನನ್ನ ನೋವನ್ನು ಅವನಿಗೆ ಹೇಳು' ಎಂದರ್ಥ. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಎಲ್ಲವನ್ನೂ ಒಟ್ಟು ಸೇರಿಸಿ, ಕುಂಕುಮ ಮತ್ತು ಅಂಟು ಬಳಿದು ಹಗ್ಗ ಮಾಡಿದರು. ಕರುಳಿನಂತೆ ಕಾಣುವ ಆ ಕೆಂಪು ಹಗ್ಗ ಗೋಡೆಯಿಂದ ನೆಲಕ್ಕೆ ಇಳಿದು ಸುತ್ತಿಕೊಳ್ಳುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಹೊಲಿಗೆ ಹಾಕುವ ತಾಯಂದಿರಿಗೆ ಇದರ ತಾಳ್ಮೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಇದೆಂಥ ಕಲೆ ಎಂದು ಕೇಳುವವರಿದ್ದಾರೆ, ಕೇಳಲಿ. ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಜನ, ದನಕರು ಎಲ್ಲ ಇದ್ದಂತೆಯೇ ನಿಂತಿವೆ; ಅಲ್ಲಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಶೀಲಾ ಅವರ ಕೃತಿಯಲ್ಲಿ ಯಾವುದರ ಹೋಲಿಕೆಯೂ ಇಲ್ಲ, ವಸ್ತುವೇ ಮಾತಾಡಬೇಕು. ಬ್ಯಾಡಗಿ ಪೇಟೆಗೆ ಕಾಲಿಟ್ಟವರಿಗೆ ಮೆಣಸಿನಕಾಯಿ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುವುದಿಲ್ಲವೇ? ಹಾಗೆ. ಕೀಳೆಂದು ಕಂಡ ವಸ್ತುವಿನ ಪರವಾಗಿ ವಾದ ಹೂಡುವುದು ಕಾಗಿನೆಲೆಗಂತೂ ಹೊಸದಲ್ಲ. ರಾಗಿ-ಅಕ್ಕಿಗಳ ಜಗಳದಲ್ಲಿ ರಾಗಿಯನ್ನು ಗೆಲ್ಲಿಸಿದ 'ರಾಮಧಾನ್ಯ ಚರಿತ್ರೆ' ಕನಕದಾಸರದೇ.

ಹೊರದೇಶಗಳಲ್ಲೂ ಇಂಥ ದಾರಿ ಹಿಡಿದವರುಂಟು. ಸ್ಪೇನಿನ ಕೆಟಲೋನಿಯಾದ ಫೀನಾ ಮಿರಾಲ್ಯೆಸ್ 1973ರಲ್ಲಿ, ಸರ್ವಾಧಿಕಾರಿ ಫ್ರಾಂಕೋ ಇನ್ನೂ ಬದುಕಿದ್ದಾಗ, ಮೊಣಕಾಲಿನವರೆಗೆ ಮಣ್ಣಿನಲ್ಲಿ ಹೂತುಕೊಂಡು ಮರದಂತೆ ನಿಂತರು. ಉಳಿದದ್ದು ಫೋಟೊಗಳಷ್ಟೇ. ಚೆಲುವಿಗಿಂತ ವಿಚಾರಕ್ಕೆ ಒತ್ತು ಕೊಡುವ ಇಂಥದಕ್ಕೆ ವಿಮರ್ಶಕರು ಪರಿಕಲ್ಪನಾ ಕಲೆ ಎನ್ನುತ್ತಾರೆ. ಹೆಸರು ತುಸು ಭಾರವೇ.

ಶೀಲಾ ಅವರ ವಿಚಾರ ಬೀದಿಯಲ್ಲೇ ಸಿಗುತ್ತದೆ. ರಸ್ತೆ ಕೂಲಿಗಳು ಡಾಂಬರಿನ ಖಾಲಿ ಡ್ರಮ್ಮುಗಳನ್ನು ಬಿಚ್ಚಿ, ತಗಡು ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ಎಲ್ಲರೂ ನೋಡಿದವರೇ. 2006ರ 'ಡಾರ್ಕ್‌ರೂಮ್' ಆ ಡ್ರಮ್ಮುಗಳದ್ದೇ. ಬಗ್ಗಿ ಒಳಹೊಕ್ಕರೆ ಕತ್ತಲೆ. ತಲೆಯೆತ್ತಿದರೆ ತಗಡಿನ ತೂತುಗಳಲ್ಲಿ ಚುಕ್ಕಿಗಳ ಆಕಾಶ.

2009ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ 'ಬಿಹೋಲ್ಡ್' ಪ್ರದರ್ಶನಗೊಂಡಿತು. ಹರಕೆ ತೀರಿಸಲು ದೇವಸ್ಥಾನದಲ್ಲಿ ಮುಡಿ ಕೊಡುತ್ತಾರೆ. ಆ ಕೂದಲಿನಲ್ಲಿ ಉದ್ದನೆಯದು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ. ಗಿಡ್ಡ ಕೂದಲು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ವಾಹನಗಳ ಬಂಪರಿಗೆ ಸುತ್ತಿಕೊಳ್ಳುತ್ತದೆ. ಅಂಥ ಸುಮಾರು ನಾಲ್ಕು ಕಿಲೋಮೀಟರು ಹಗ್ಗವನ್ನು ಶೀಲಾ ಗೋಡೆಗಳಿಗೆ ಇಳಿಬಿಟ್ಟರು. ನಡುನಡುವೆ ಕಾರಿನ ಉಕ್ಕಿನ ಬಂಪರುಗಳು ತೂಗುತ್ತಿವೆ. ಆ ಭಾರವನ್ನೆಲ್ಲ ಎತ್ತಿ ಹಿಡಿದಿರುವುದು ಹೆಸರಿಲ್ಲದ ಭಕ್ತರ ತಲೆಗೂದಲು.